ತೈಸ್ತೊ ಭಾನುವಾರ ತೋಡಿದ ಕಾಲುವೆ

ಊರ ಅಂಚಿನ ಹೌಕಿಸುವೊ ಎಂಬ ಜೌಗು ನೆಲವನ್ನು ಹಾಳು ಮಾಡಿದವರಲ್ಲಿ ತೈಸ್ತೊ ಮೊದಲಿಗ. ಇಪ್ಪತ್ತೆರಡರ ಹರೆಯದಲ್ಲಿ ಅಗೆಯುವ ಯಂತ್ರ ಹತ್ತಿ, ಅರಣ್ಯ ಇಲಾಖೆಯವರು ತೋರಿಸಿದ ಕಡೆಯೆಲ್ಲ ಬಸಿಗಾಲುವೆ ತೋಡಿದ. ನೀರು ಬಸಿದರೆ ಪೈನ್ ಕಾಡು ಏಳುತ್ತದೆ ಎಂದಿದ್ದರು. ಮರಗಳು ಆಳೆತ್ತರಕ್ಕೇ ನಿಂತುಬಿಟ್ಟವು. ಜೌಗಿನ ಕಪ್ಪು ಮಣ್ಣು ಮಾತ್ರ ಹರಿದು ಹೋಗಿ ಕೆಳಗಿನ ಸರೋವರದ ತಳದ ಜಲ್ಲಿಯ ಮೇಲೆ ಕೂತಿತು. ಮುಯಿಕ್ಕು ಮೀನು ಮೊಟ್ಟೆಯಿಡುವುದು ಆ ಜಲ್ಲಿಯಲ್ಲೇ. ಪಕ್ಕದ ಮನೆಯ ಬೆಸ್ತಗಿತ್ತಿ ಔನೆಯ ಬಲೆ ಬರಿದಾಯಿತು.

ಐವತ್ತು ವರ್ಷದ ಮೇಲೆ ಊರವರು ಜೌಗಿಗೆ ನೀರು ಮರಳಿಸಲು ನಿಂತಾಗ ಔನೆ ನೇರ ಅವನ ಅಡುಗೆಮನೆಗೆ ಬಂದಳು.

"ತೋಡಿದ್ದು ನೀನು, ಮುಚ್ಚೋದೂ ನೀನೇ. ಸೊಂಟನೋವು ಅಂತ ನಾಟಕ ಆಡ್ಬೇಡ."

"ಆಡಲ್ಲ ಮಾರಾಯ್ತಿ. ಕೂತ್ಕೋ, ಕಾಫಿ ಕುಡಿ."

ಎರಡು ಬೇಸಿಗೆಯಲ್ಲಿ ನಕ್ಷೆಯಲ್ಲಿದ್ದ ಕಾಲುವೆಯೆಲ್ಲ ಮುಚ್ಚಿದ. ಆದರೂ ಮಳೆ ಬಂದರೆ ಸರೋವರಕ್ಕೆ ಕಂದು ನೀರು ಇಳಿಯುವುದು ನಿಲ್ಲಲಿಲ್ಲ.

"ಬಲೆ ಸುಟ್ಟುಬಿಡ್ತೀನಿ. ಸಾಕಾಯ್ತು," ಎಂದಳು ಔನೆ.

ತೈಸ್ತೊ ಕಾಫಿ ಲೋಟ ಕೆಳಗಿಟ್ಟ.

"ಇನ್ನೊಂದು ಕಾಲುವೆ ಇದೆ. ನಕ್ಷೇಲಿಲ್ಲ. ನನ್ನ ಹುಲ್ಲುಗಾವಲು ಒಣಗ್ಲಿ ಅಂತ ಒಂದು ಭಾನುವಾರ ಕದ್ದು ತೋಡಿದ್ದೆ."

"ಕಳ್ಳ! ಐವತ್ತು ವರ್ಷ ನನ್ನ ಮನೇಲಿ ಕಾಫಿ ಕುಡಿದೆಯಲ್ಲೋ! ಒಂದ್ಸಲನಾದ್ರೂ ಬಾಯಿ ಬಿಟ್ಟೆಯಾ?"

"ಬಾಯಲ್ಲಿ ನಿನ್ನ ಬನ್ ಇತ್ತು."

ಔನೆ ನಗಲಿಲ್ಲ. ಬಾಗಿಲು ಬಡಿದು ಹೋದಳು.

ಮರುದಿನ ಅವನೊಬ್ಬನೇ ಆ ಕಾಲುವೆ ಮುಚ್ಚಿದ. ವಾರದೊಳಗೆ ಹುಲ್ಲುಗಾವಲಿನಲ್ಲಿ ಮೊಣಕಾಲುದ್ದ ನೀರು. ಅಲ್ಲಿ ಮೇಯುತ್ತಿದ್ದ ತನ್ನ ಕುದುರೆಯನ್ನು ಮೇವಿಲ್ಲದೆ ಸಾಕುವುದು ಹೇಗೆ? ಮಾರಲು ತೀರ್ಮಾನಿಸಿದ. ಸುದ್ದಿ ಕೇಳಿ ಔನೆ ಕುಡುಗೋಲು ಹಿಡಿದು ಅವನ ಅಂಗಳಕ್ಕೆ ಬಂದಳು.

"ಮುದಿ ಕುದುರೆ, ಮುದಿ ಯಜಮಾನ. ಯಾವನು ಕೊಳ್ತಾನೆ? ನಡಿ, ನನ್ನ ದಡದ ಹುಲ್ಲು ಕೊಯ್ಕೋ."

ಅವನು ಕುಡುಗೋಲು ಇಸಿದುಕೊಂಡ. ಅವಳ ಹಿಂದೆಯೇ ದಡಕ್ಕೆ ನಡೆದ.

ನೀರು ತಿಳಿಯಾಗಲು ಕೆಲವು ವರ್ಷ ಹಿಡಿಯಿತು. ಅಷ್ಟೂ ವರ್ಷ ಕುದುರೆ ತಿಂದಿದ್ದು ಔನೆಯ ಹುಲ್ಲು. ಒಂದು ಶರತ್ಕಾಲದಲ್ಲಿ ಬಲೆ ಭಾರವಾಗಿ ಮೇಲೆದ್ದಿತು. ರೈ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿದ ಮೊದಲ ಮುಯಿಕ್ಕುಗಳನ್ನು ಔನೆ ಅವನ ತಟ್ಟೆಗೇ ಸುರಿದಳು.

"ನೀನು ಕೋರ್ಟಿಗೆ ಹೋಗ್ಬಹುದಿತ್ತು ಔನೆ."

"ಹೋಗಿದ್ರೆ ಕಾಲುವೆ ಮುಚ್ತಿದ್ದೋರು ಯಾರು, ಜಡ್ಜಾ? ತಿನ್ನು, ಆರಿಹೋಗುತ್ತೆ."

ತೈಸ್ತೊ ಮುಳ್ಳು ಸಮೇತ ತಿಂದ. ತಟ್ಟೆ ಖಾಲಿಯಾದ ಮೇಲೆ, ಹುಟ್ಟಿದಾಗಿನಿಂದ ಯಾರಿಗೂ ಏನನ್ನೂ ಹೇಳಿರದಷ್ಟು ಗಟ್ಟಿಯಾಗಿ, "ನಿನ್ನಿಂದ ಬದುಕಿದೆ ಕಣೆ" ಎಂದ.