ಮಹಡಿಯ ಕಂಬಿಯ ಮೇಲಿನ ಕೆಂಪು ಬಟ್ಟೆ

ಕಾಲೇಜಿನ ಗೇಟಿನಿಂದ ಇಳಿಜಾರಿನಲ್ಲಿ ಬಂದರೆ ತಿರುವಿನಲ್ಲಿ ಸಿಗುವ ಮಹಡಿ ಮನೆಯ ಕೆಳಗಿನ ಕೋಣೆಯೇ ಬೈಂಡಿಂಗ್ ಅಂಗಡಿ. ಅದರ ಯಜಮಾನರನ್ನು ಊರೆಲ್ಲ ರಟ್ಟಿನ ಮಾವ ಎಂದು ಕರೆಯುತ್ತದೆ. ನಿಜವಾಗಿ ಮಾವ ಎನ್ನುವ ಹಕ್ಕಿದ್ದವಳು ಮಾತ್ರ ಅವರ ಸೊಸೆಯೊಬ್ಬಳೇ.

ಹಿಂದೆ ಕಾಲೇಜಿಗೆ ರಜೆ ಬಂದರೆ ಊರಿಗೂ ರಜೆ. ಹುಡುಗರು ಗಂಟುಮೂಟೆ ಕಟ್ಟಿದರೆಂದರೆ ಅಂಗಡಿಗಳವರು ಬಾಗಿಲಲ್ಲಿ ಕುಳಿತು ನೊಣ ಹೊಡೆಯುತ್ತಿದ್ದರು. ಈಗ ಹಾಗಿಲ್ಲ. ದೂರದೂರದ ಕಚೇರಿಗಳ ಕೆಲಸವನ್ನು ಕುಳಿತಲ್ಲೇ ಮಾಡುವವರು ಬಂದು ಖಾಲಿ ಕೋಣೆಗಳನ್ನೆಲ್ಲ ಹಿಡಿದಿದ್ದಾರೆ. ಚಹಾದಂಗಡಿಯವನು ಅವರಿಗಾಗಿ ಪ್ರತಿ ಮೇಜಿನ ಬುಡಕ್ಕೂ ಪ್ಲಗ್ ಹಾಕಿಸಿದ; ಒಂದು ಲೋಟ ಚಹಾಕ್ಕೆ ಅರ್ಧ ದಿನ ಕೂರುವುದನ್ನು ಕಂಡು ಅರ್ಧದಷ್ಟನ್ನು ಕೀಳಿಸಿದ. ತಮ್ಮಷ್ಟಕ್ಕೆ ತಾವೇ ಮಾತಾಡುತ್ತಾ ಬೀದಿಯಲ್ಲಿ ನಡೆಯುವವರನ್ನು ಕಂಡು ಬೊಗಳುವುದನ್ನು ನಾಯಿಗಳೂ ಬಿಟ್ಟಿವೆ.

ಮಾವನ ಸೊಸೆಯೂ ಅಂಥ ಕೆಲಸದವಳೇ. ಮಹಡಿಯ ಕೋಣೆ ಅವಳ ಕಚೇರಿ. ಕೆಲಸ ಹೊಸದು, ಇನ್ನೂ ಖಾಯಂ ಆಗಿರಲಿಲ್ಲ. ಕೆಳಗೆ ಮಾವ ಪುಸ್ತಕದ ಬೆನ್ನಿಗೆ ಸುತ್ತಿಗೆ ಹಾಕಿದರೆ ಮೇಲೆ ಅವಳ ಮೇಜು ನಡುಗುತ್ತಿತ್ತು. ‘ನಿಮ್ಮ ಮನೆ ಕಟ್ಟುವುದು ಇನ್ನೂ ಮುಗಿದಿಲ್ಲವೇ?’ ಎಂದು ಅವಳ ಮೇಲಧಿಕಾರಿಗಳು ಮೊದಲು ನಗುತ್ತಾ ಕೇಳಿದರು, ಆಮೇಲೆ ನಗದೆ ಕೇಳಿದರು. ಒಮ್ಮೆಯಂತೂ ಅವಳ ಅತ್ತೆ ಪೊರಕೆ ಹಿಡಿದು ಕೋಣೆಯೊಳಗೆ ಹೋಗಿ, ಮೀಟಿಂಗಿನಲ್ಲಿದ್ದವರೆಲ್ಲರ ಕಣ್ಣಿಗೆ ಬಿದ್ದರು. ಅಂದು ಸೊಸೆಗೆ ಊಟ ಸೇರಲಿಲ್ಲ.

ಮಾವನೇ ದಾರಿ ಹುಡುಕಿದರು. ರಟ್ಟಿಗೆ ಅಂಟಿಸುವ ಕೆಂಪು ಕ್ಯಾಲಿಕೋ ಬಟ್ಟೆಯ ತುಂಡೊಂದನ್ನು ಸೊಸೆಗೆ ಕೊಟ್ಟರು. “ಮೀಟಿಂಗ್ ಇದ್ದಾಗ ಇದನ್ನ ಕಂಬಿ ಮೇಲೆ ಹಾಕಮ್ಮ. ಇದು ಕಾಣ್ತಿರೋವರೆಗೂ ನಾನು ಸುತ್ತಿಗೆ ಮುಟ್ಟಲ್ಲ, ಯಾರೂ ಮೆಟ್ಟಿಲು ಹತ್ತಲ್ಲ, ಫೋನೂ ಮಾಡಲ್ಲ.” ಅಂಗಡಿಯ ಬಾಗಿಲಲ್ಲಿ ಕತ್ತೆತ್ತಿದರೆ ಬಟ್ಟೆಯ ಅಂಚು ಕಾಣುತ್ತಿತ್ತು. ಅಂದಿನಿಂದ ಮನೆಯಲ್ಲಿ ಶಾಂತಿ.

ಪ್ರಬಂಧಗಳನ್ನು ಒಪ್ಪಿಸುವ ಕಡೆಯ ದಿನ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬೆಳಿಗ್ಗೆಯೇ ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತಳು. ಸಂಜೆ ಕಾಲೇಜಿನ ಕಚೇರಿ ಮುಚ್ಚುವ ಮೊದಲು ಅವಳ ಪ್ರಬಂಧ ಅಲ್ಲಿರಬೇಕು. ಇಲ್ಲವಾದರೆ ಅವಳ ಪದವಿ ಮುಂದಿನ ವರ್ಷಕ್ಕೆ. ಕೊಟ್ಟೇ ಕೊಡುತ್ತೇನೆಂದು ಮಾವ ಮಾತು ಕೊಟ್ಟಿದ್ದರು. ಹೊಲಿಗೆ ಮುಗಿದಿತ್ತು, ಬೆನ್ನಿಗೆ ಗೋಂದು ಹಚ್ಚಿಯಾಗಿತ್ತು, ರಟ್ಟಿನ ಮೇಲೆ ಅವಳ ಹೆಸರು ಹೊಳೆಯುತ್ತಿತ್ತು. ಸುತ್ತಿಗೆಯಿಂದ ಬೆನ್ನನ್ನು ಗುಂಡಗೆ ಮಾಡಿ ರಟ್ಟಿನೊಳಗೆ ಕೂರಿಸುವುದಷ್ಟೇ ಬಾಕಿ.

ಮಾವ ಸುತ್ತಿಗೆ ಹಿಡಿದು ಬಾಗಿಲಿಗೆ ಬಂದು ಕತ್ತೆತ್ತಿದರು. ಕೆಂಪು ಬಟ್ಟೆ ಕಂಡಿತು. ಸುತ್ತಿಗೆ ಕೆಳಗಿಟ್ಟು, ಬಟ್ಟೆಯ ಕಟ್ಟಳೆಯನ್ನು ಹುಡುಗಿಗೆ ವಿವರಿಸಿದರು.

ಮಧ್ಯಾಹ್ನವಾದರೂ ಬಟ್ಟೆ ಕದಲಲಿಲ್ಲ. ಅತ್ತೆ ಬೆಳಿಗ್ಗೆಯೇ ಅಕ್ಕನ ಮನೆಗೆ ಹೋಗಿದ್ದರಿಂದ ಮೀಟಿಂಗ್ ಎಷ್ಟು ಹೊತ್ತೆಂದು ಕೇಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅಂಕಲ್, ಮೆತ್ತಗೆ ನಾಲ್ಕೇಟು ಹಾಕಿ ಸಾಕು.”

“ಮೆತ್ತಗೆ ಹೊಡೆದ್ರೆ ಬೆನ್ನು ಬಗ್ಗಲ್ಲಮ್ಮ.”

“ಬೀದಿಗೆ ತಗೊಂಡು ಹೋಗಿ ಹೊಡೆಯೋಣ.”

“ಪುಸ್ತಕ ಹಿಡಿದಿಡೋ ಈ ಪ್ರೆಸ್ಸು ನೆಲಕ್ಕೆ ಬಿಗಿದಿರೋದು. ಅಂಗಡೀನೇ ಎತ್ಕೊಂಡು ಹೋಗಬೇಕಾಗತ್ತೆ.”

“ಹಾಗಾದ್ರೆ ಚಪ್ಪಟೆಯಾಗೇ ಇರ್ಲಿ ಬಿಡಿ. ಪುಸ್ತಕಕ್ಕೆ ಬೆನ್ನುನೋವು ಬರತ್ತಾ?”

“ರಟ್ಟನ್ನ ಗುಂಡು ಬೆನ್ನಿಗೆ ಅಂತಲೇ ಅಳತೆ ಮಾಡಿರೋದು. ಚಪ್ಪಟೆ ಆದ್ರೆ ಕೂರಲ್ಲ.”

ಹುಡುಗಿಯ ಕಣ್ಣು ತುಂಬಿ ಬಂತು. “ನಿಮ್ಮ ಸೊಸೆ ಕೆಲಸ ಉಳೀಲಿ, ನನ್ನ ಓದು ಹಾಳಾಗ್ಲಿ. ಅಷ್ಟೇ ತಾನೆ?”

ಗೋಂದು ಒಣಗಿ ಬಿಗಿಯುತ್ತಿತ್ತು. ಇನ್ನೂ ತಡವಾದರೆ ಸುತ್ತಿಗೆ ಹಾಕಿದರೂ ಬೆನ್ನು ಬಗ್ಗದೆ ಬಿರಿಯುತ್ತದೆ. ಮಾವ ಒದ್ದೆ ಬಟ್ಟೆಯನ್ನು ಪುಸ್ತಕದ ಬೆನ್ನಿಗೆ ಒತ್ತುತ್ತಾ ಕುಳಿತರು. ಒಮ್ಮೆ ಎದ್ದು ಮೆಟ್ಟಿಲಿನವರೆಗೆ ಹೋದರು. ಪೊರಕೆಯ ಪ್ರಸಂಗ ನೆನಪಾಗಿ ಹಿಂದಿರುಗಿದರು.

ಬಿಸಿಲು ಎದುರು ಗೋಡೆಗೆ ಏರಿದ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಸೊಸೆ ಇಳಿದು ಬಂದಳು, ಕೂದಲು ಕೆದರಿತ್ತು.

“ಮಾವ, ಮೈಗೆ ಹುಷಾರಿಲ್ವಾ? ಬೆಳಿಗ್ಗೆಯಿಂದ ಸುತ್ತಿಗೆ ಸದ್ದೇ ಇಲ್ವಲ್ಲ. ಯಾಕೋ ಗಾಬರಿ ಆಯ್ತು.”

“ನಿನ್ನ ಮೀಟಿಂಗ್ ಮುಗೀತಾ?”

“ಯಾವ ಮೀಟಿಂಗು? ಇವತ್ತು ನಮ್ಮ ಆಫೀಸಿಗೆ ರಜೆ. ಎಚ್ಚರ ಆಗ್ತಾ ಮತ್ತೆ ಮಲಗ್ತಾ ಇದ್ದೆ, ಈಗ ಎದ್ದೆ.”

ಮಾವ ಕಂಬಿಯ ಕಡೆ ಕೈ ತೋರಿಸಿದರು. ಸೊಸೆ ಬೀದಿಗಿಳಿದು ನೋಡಿದಳು. ಕೆಂಪು ಬಟ್ಟೆಯ ಎರಡು ತುದಿಗೂ ಅತ್ತೆಯ ಬಟ್ಟೆ ಕ್ಲಿಪ್ಪುಗಳಿದ್ದವು.

“ಅತ್ತೆ ಒಗೆದು ಒಣಹಾಕಿದ್ದಾರೆ!”

“ಒಗೆದ್ರೆ ಗಂಜಿ ಹೋಗತ್ತೆ, ಕ್ಯಾಲಿಕೋನ ಒಗೆಯೋದುಂಟೇ?” ಎಂದರು ಮಾವ. ಇಡೀ ದಿನದಲ್ಲಿ ಅವರ ದನಿ ಏರಿದ್ದು ಅಲ್ಲಿ ಮಾತ್ರ.

ಆಮೇಲೆ ಮಾತಿಗೆ ಹೊತ್ತಿರಲಿಲ್ಲ. ಸೊಸೆ ನೀರು ಬೆಚ್ಚಗೆ ಮಾಡಿ ತಂದಳು. ಹುಡುಗಿ ಬಟ್ಟೆ ಅದ್ದಿ ಅದ್ದಿ ಕೊಟ್ಟಳು. ಗೋಂದು ಮೆತ್ತಗಾಗುವಷ್ಟೂ ಕಾದು ಮಾವ ಸುತ್ತಿಗೆ ಎತ್ತಿದರು. ಮೊದಲ ಏಟಿಗೆ ಮೂವರೂ ಉಸಿರು ಬಿಗಿಹಿಡಿದರು. ಬೆನ್ನು ಬಿರಿಯಲಿಲ್ಲ, ನಿಧಾನವಾಗಿ ಬಾಗಿತು. ಅಕ್ಕನ ಮನೆಯಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತು, “ಅಯ್ಯೋ, ಮೇಲೆ ಬಟ್ಟೆ ಇದೆ ಕಣ್ರೀ! ಹೊಡೀತಿದ್ದೀರಲ್ಲ!” ಎಂದು ಕೂಗಿದರು. ಯಾರೂ ತಿರುಗಿ ನೋಡಲಿಲ್ಲ.

ಪ್ರೆಸ್ಸಿನಲ್ಲಿ ಒಂದು ರಾತ್ರಿ ಇರಬೇಕಾಗಿದ್ದ ಪುಸ್ತಕವನ್ನು ಹುಡುಗಿ ಹಸಿಯಾಗಿಯೇ ಎದೆಗವಚಿಕೊಂಡು ಓಡಿದಳು. ಕಚೇರಿಯ ಗುಮಾಸ್ತ ಬೀಗ ಹುಡುಕುತ್ತಿದ್ದನಂತೆ. ಪುಸ್ತಕ ತೆಗೆದುಕೊಂಡು ಮುದ್ರೆ ಒತ್ತಿದ. ರಟ್ಟಿನ ಮೂಲೆಯಲ್ಲಿ ಅವನ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿದೆ.

ಸೊಸೆಯ ಕೆಲಸ ಆಮೇಲೆ ಖಾಯಂ ಆಯಿತು. ಕೆಂಪು ಬಟ್ಟೆ ಇಂದಿಗೂ ಕಂಬಿಯ ಮೇಲೆ ಬರುತ್ತದೆ, ಹೋಗುತ್ತದೆ. ಧೂಳು ಹಿಡಿದು ಅದು ಯಾವ ಬಣ್ಣಕ್ಕೆ ತಿರುಗಿದೆಯೆಂದು ಹೇಳುವುದು ಕಷ್ಟ. ಅತ್ತೆ ಅದರ ಪಕ್ಕದಲ್ಲೇ ದಿನಾ ಬಟ್ಟೆ ಒಣಹಾಕುತ್ತಾರೆ. ಅದನ್ನು ಮಾತ್ರ ಮುಟ್ಟುವುದಿಲ್ಲ.