ಇರ್ಮಾ ಮನೆಯ ಹಾಡಿನ ಸಿನಿಮಾಗಳು

ಆಗಿನ ದಿನಗಳಲ್ಲಿ ನಮ್ಮ ಮನೆಯ ಬಾಗಿಲು ದಾಟಿದರೆ ಮಾತೆಲ್ಲ ನನ್ನದೇ ಆಗಿತ್ತು. ಸ್ವೀಡನ್ನಿನ ಶೋವ್ಡೆ ಎಂಬ ಸಣ್ಣ ಊರು. ಅಪ್ಪ ಅಲ್ಲಿ ಕಾರಿನ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ಆಫೀಸಿಗೆ ಇಂಗ್ಲಿಷ್ ಸಾಕಿತ್ತು. ಅಮ್ಮನ ಸ್ವೀಡಿಷ್ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೇಳುವಷ್ಟು. ಮೂರು ವರ್ಷ ಅಲ್ಲಿನ ಶಾಲೆಯಲ್ಲಿ ಕೂತಿದ್ದ ನಾನು ಮಾತ್ರ ಆ ಭಾಷೆಯಲ್ಲಿ ಜಗಳವನ್ನೂ ಆಡಬಲ್ಲವಳಾಗಿದ್ದೆ. ಕೊಮ್ಮೂನ್ ಎಂಬ ಅಲ್ಲಿನ ನಗರಸಭೆಯ ಕಚೇರಿಯಿಂದ ಕಾಗದ ಬಂದರೆ ನಾನು ಓದಿ ಹೇಳಬೇಕು. ಹಲ್ಲಿನ ಡಾಕ್ಟರು ಅಮ್ಮನ ಬಾಯೊಳಗೆ ಇಣುಕಿ ಏನಾದರೂ ಅಂದರೆ ನಾನು ಕನ್ನಡ ಮಾಡಬೇಕು. ನಾನು ಹೇಳಿದ್ದೇ ಅರ್ಥ. ಒಂಬತ್ತು ವರ್ಷದ ಹುಡುಗಿಯ ಕೈಗೆ ಅಂಥ ಅಧಿಕಾರ ಸಿಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಎರಡು ಸಾವಿರದ ದಶಕದ ನಡುವಿನ ಒಂದು ಚಳಿಗಾಲ. ತಮ್ಮ ಹುಟ್ಟುವವನಿದ್ದ. ಬಾಣಂತನಕ್ಕೆಂದು ಗದಗಿನಿಂದ ಅಜ್ಜಿ, ಅಮ್ಮನ ತಾಯಿ, ಹೊಸ ವರ್ಷ ಕಳೆದ ವಾರವೇ ಬಂದಿಳಿದಳು. ಮೂರು ತಿಂಗಳ ವೀಸಾ. ಇಳಕಲ್ ಸೀರೆಯ ಮೇಲೆ ಅಪ್ಪನ ದಪ್ಪ ಜಾಕೀಟು, ಕಾಲಿಗೆ ಎರಡೆರಡು ಜೊತೆ ಕಾಲುಚೀಲ, ತಲೆಗೆ ನನ್ನದೇ ಹಳೆಯ ಕೆಂಪು ಉಣ್ಣೆ ಟೋಪಿ. ಅವಳ ಚೀಲಗಳಿಂದ ಬಟ್ಟೆಗಿಂತ ಮೊದಲು ಹೊರಬಂದದ್ದು ಒಣಕೊಬ್ಬರಿ, ಅಂಟು, ಉತ್ತತ್ತಿ, ಗಸಗಸೆ. ತಮ್ಮ ಹುಟ್ಟಿದ ಮೂರನೆಯ ದಿನಕ್ಕೆ ನಮ್ಮ ಎರಡು ಕೋಣೆಯ ಮನೆಯೆಲ್ಲ ಬೆಳ್ಳುಳ್ಳಿ, ತುಪ್ಪ, ಓಮಿನ ಹೊಗೆಯ ವಾಸನೆ. ನನಗೆ ಆ ವಾಸನೆ ಇಷ್ಟ. ಅದು ನನ್ನ ಕೋಟಿಗೂ ಹತ್ತಿ ಶಾಲೆಗೆ ಬರುತ್ತಿದ್ದುದು ಮಾತ್ರ ಇಷ್ಟವಿರಲಿಲ್ಲ.

ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ ಒಂದೇ. ಯಾರಿಗೆ ಯಾವ ಹೊತ್ತು ಎಂದು ಗೋಡೆಯ ಹಲಗೆಯ ಮೇಲೆ ಗುರುತಿರುತ್ತಿತ್ತು. ಅಜ್ಜಿಗೆ ಅದೇನು ಗೊತ್ತು? ಕೂಸಿನ ಬಟ್ಟೆಗಳ ಬುಟ್ಟಿ ಎತ್ತಿಕೊಂಡು ಹೋಗಿ ಸಿಕ್ಕ ಯಂತ್ರಕ್ಕೆ ತುಂಬಿ ಬಂದಳು. ಸಂಜೆ ನಾವು ಬಟ್ಟೆ ತರಲು ಹೋದಾಗ ಬುಟ್ಟಿಯ ಮೇಲೆ ಒಂದು ಚೀಟಿ ಇತ್ತು.

"ಏನ್ ಬರದಾರವಾ?"

"ಇದು ನನ್ನ ಸಮಯ, ನಿಯಮ ಎಲ್ಲರಿಗೂ ಒಂದೇ ಅಂತೆ. ಕೆಳಗಿನ ಮನೆ ಇರ್ಮಾ ಬರೆದಿದ್ದು."

"ಬರೋಬ್ಬರಿ ಬರದಾಳ. ತಪ್ಪು ನಮ್ದು ಐತಿ." ಅಜ್ಜಿ ಮನೆಗೆ ಬಂದವಳೇ ಸ್ಟೀಲ್ ಡಬ್ಬಿಗೆ ಆರು ಅಂಟಿನುಂಡಿ ಹಾಕಿ ನನ್ನ ಕೈ ಹಿಡಿದುಕೊಂಡು ಒಂದು ಮಹಡಿ ಇಳಿದಳು.

ಇರ್ಮಾಗೆ ಆಗ ಎಂಬತ್ತರ ಹತ್ತಿರ. ಜರ್ಮನಿಯವರು. ಯುದ್ಧ ಮುಗಿದ ಮೇಲೆ ಮನೆಗೆಲಸಕ್ಕೆಂದು ಸ್ವೀಡನ್ನಿಗೆ ಬಂದು, ಇಲ್ಲಿಯವನನ್ನೇ ಮದುವೆಯಾಗಿ, ಈಗ ಒಬ್ಬರೇ ಇದ್ದರು. ಬಾಗಿಲು ತೆಗೆದಾಗ ಮುಖ ಗಂಟು ಹಾಕಿಕೊಂಡೇ ಇತ್ತು. ಉಂಡಿ ಕಚ್ಚಿದರು. "ಇದರಲ್ಲಿ ಏನೇನಿದೆ?" ಎಂದು ಕೇಳಿದರು. ಅಂಟಿಗೆ ಸ್ವೀಡಿಷ್ ಪದ ನನಗೆ ಗೊತ್ತಿರಲಿಲ್ಲ. "ಮರದ ಗೋಂದು" ಎಂದೆ. ಇರ್ಮಾ ಅಗಿಯುವುದು ನಿಲ್ಲಿಸಿ ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು, ಆಮೇಲೆ ಗಟ್ಟಿಯಾಗಿ ನಕ್ಕರು. ಅಜ್ಜಿಯೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ.

ಮರುದಿನ ಮಧ್ಯಾಹ್ನ ನಾವು ಇರ್ಮಾ ಮನೆಯಲ್ಲಿ ಫೀಕಾಕ್ಕೆ, ಅಲ್ಲಿನವರ ಮಧ್ಯಾಹ್ನದ ಕಾಫಿಗೆ, ಕೂತಿದ್ದೆವು. ಕಾಫಿ, ಏಲಕ್ಕಿ ಬನ್ನು. ಮನೆಯಲ್ಲಿ ಏಲಕ್ಕಿಯ ಘಮ, ಹೊರಗೆ ಹಿಮ. ಕಾಫಿ ಮುಗಿದ ಮೇಲೆ ಇರ್ಮಾ ಟೀವಿಯ ಕೆಳಗಿನ ಕಪಾಟು ತೆಗೆದರು. ಊರೆಲ್ಲ ಡಿವಿಡಿಗೆ ಹೋಗಿದ್ದರೂ ಅವರಲ್ಲಿ ಇನ್ನೂ ವಿಡಿಯೋ ಕ್ಯಾಸೆಟ್ಟುಗಳು. ಎಲ್ಲ ಜರ್ಮನ್ ಸಿನಿಮಾಗಳೇ, ಸಿನಿಮಾಕ್ಕೆ ಮೊದಮೊದಲು ಮಾತು ಬಂದ ಕಾಲದವು. ಕಪ್ಪು ಬಿಳುಪು. ಅವುಗಳಲ್ಲಿ ಯಾರೂ ಬರೀ ಮಾತಾಡುತ್ತಿರಲಿಲ್ಲ. ಕೈಗವಸು ಮಾರುವ ಹುಡುಗಿ ಗಿರಾಕಿಯ ಬೆರಳಿನ ಅಳತೆ ತೆಗೆಯುತ್ತಾ ಹಾಡುತ್ತಿದ್ದಳು. ಹೋಟೆಲಿನ ಮಾಣಿಗಳು ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಸಾಲಾಗಿ ಕುಣಿಯುತ್ತಿದ್ದರು. ಮಾಣಿಯನ್ನು ರಾಜಕುಮಾರ ಎಂದುಕೊಳ್ಳುವುದು, ರಾಜಕುಮಾರನನ್ನು ಮಾಣಿ ಎಂದುಕೊಳ್ಳುವುದು, ಕೊನೆಗೆ ಎಲ್ಲರೂ ನಕ್ಕು ಒಟ್ಟಿಗೆ ಹಾಡುವುದು.

ಅಡಿಬರಹ ಇರಲಿಲ್ಲ. ಇರ್ಮಾ ಜರ್ಮನ್ ಕೇಳಿಸಿಕೊಂಡು ನನಗೆ ಸ್ವೀಡಿಷ್‌ನಲ್ಲಿ ಹೇಳುತ್ತಿದ್ದರು, ನಾನು ಅಜ್ಜಿಗೆ ಕನ್ನಡದಲ್ಲಿ. ಅಷ್ಟರಲ್ಲಿ ತೆರೆಯ ಮೇಲಿನವರು ಮುಂದಿನ ಜಗಳಕ್ಕೆ ಹೋಗಿರುತ್ತಿದ್ದರು. ಅಜ್ಜಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. "ಈ ಹುಡುಗಿಗೆ ಅಂವ ಮಾಣಿ ಅಂತ ಗೊತ್ತೈತಿ, ಸುಮ್ಮಿ. ಗೊತ್ತಿಲ್ಲದಂಗ ಮಾಡಾಕತ್ತಾಳ" ಎಂದು ನನಗಿಂತ ಮೊದಲೇ ಹೇಳಿಬಿಡುತ್ತಿದ್ದಳು. ನಾನು ಸ್ವೀಡಿಷ್ ಮಾಡಿದರೆ ಇರ್ಮಾ ಚಪ್ಪಾಳೆ ತಟ್ಟುತ್ತಿದ್ದರು.

ಒಂದು ದಿನ ಇರ್ಮಾ ತಮ್ಮ ತಂದೆಯ ಮಾತು ತೆಗೆದರು. ಮೂಕಿ ಸಿನಿಮಾದ ಕಾಲದಲ್ಲಿ ಅವರು ಪರದೆಯ ಕೆಳಗೆ ಕೂತು ಪಿಟೀಲು ಬಾರಿಸುತ್ತಿದ್ದರಂತೆ. ಸಿನಿಮಾವೇ ಹಾಡಲು ಕಲಿತ ಮೇಲೆ ವಾದ್ಯದವರನ್ನೆಲ್ಲ ಮನೆಗೆ ಕಳಿಸಿದರು. ಆದರೂ ಆ ತಂದೆ ಪುಟ್ಟ ಇರ್ಮಾಳನ್ನು ಅದೇ ಸಿನಿಮಾಗಳಿಗೆ ಕರೆದೊಯ್ದು, ಕತ್ತಲಲ್ಲಿ ಮೊಣಕಾಲಿನ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದರಂತೆ. ಇದನ್ನು ನಾನು ನಿಯತ್ತಾಗಿ ಹೇಳಿದೆ.

"ನಮ್ಮಪ್ಪ ನಾಟಕ ಕಂಪನ್ಯಾಗ ಕಾಲಪೇಟಿ ಹಾರ್ಮೋನಿಯಂ ಬಾರಸ್ತಿದ್ದ ಅಂತ ಹೇಳಾಕಿಗೆ. ಊರಿಗೆ ಟಾಕೀಜ್ ಬಂತು, ಕಂಪನಿ ಮುಚ್ಚಿತು. ಅಂವನೂ ಬೈಕೋಂತನ ಸಿನಿಮಾಕ್ಕ ಹೋಗಾಂವ. ಹೋಗೂದ ಮಾತ್ರ ಬಿಡಲಿಲ್ಲ."

ಹೇಳಿದೆ. ಇರ್ಮಾ ಎದ್ದು ಅಜ್ಜಿಯ ಪಕ್ಕದಲ್ಲಿ ಬಂದು ಕೂತರು. ಆಮೇಲೆ ಅವರಿಬ್ಬರೂ ಯಾವಾಗಲೂ ಒಂದೇ ಸೋಫಾದಲ್ಲಿ, ಒಂದೇ ಕಂಬಳಿಯಡಿ.

ನನ್ನ ತಪ್ಪು ಸಣ್ಣದಾಗಿ ಶುರುವಾಯಿತು. ಒಮ್ಮೆ ತೆರೆಯ ಮೇಲೆ ಕುಣಿಯುತ್ತಿದ್ದವನನ್ನು ತೋರಿಸಿ ಇರ್ಮಾ, "ಇವನು, ಈ ಹಾಡು ಬರೆದವನು, ಇವರಲ್ಲಿ ಎಷ್ಟೋ ಜನ ಒಂದೆರಡು ವರ್ಷದಲ್ಲೇ ಊರು ಬಿಟ್ಟು ಓಡಬೇಕಾಯ್ತು. ಯೆಹೂದಿಗಳು ಅಂತ. ಎಲ್ಲರಿಗೂ ಓಡಲಾಗಲಿಲ್ಲ" ಎಂದರು. ಅದನ್ನೆಲ್ಲ ಕನ್ನಡಕ್ಕೆ ತರಲು ನನಗೆ ಬೇಸರ. "ಏನಂದ್ಲು?" ಎಂದು ಅಜ್ಜಿ ಕೇಳಿದಾಗ, "ಅವನು ಚೆನ್ನಾಗಿ ಡ್ಯಾನ್ಸ್ ಮಾಡ್ತಾನಂತೆ" ಎಂದೆ. ಅಜ್ಜಿ ಇರ್ಮಾಳ ಒದ್ದೆ ಕಣ್ಣು ನೋಡಿದಳು, ನನ್ನ ಮುಖ ನೋಡಿದಳು.

ಫೆಬ್ರುವರಿಯಲ್ಲಿ ಶಾಲೆಗೆ ಒಂದು ವಾರ ಚಳಿಗಾಲದ ರಜೆ. ಊರ ಮಗ್ಗುಲಿನ ಗುಡ್ಡದಲ್ಲಿ ಮಕ್ಕಳೆಲ್ಲ ಹಿಮದ ಮೇಲೆ ಜಾರುಬಂಡಿ ಆಡುತ್ತಿದ್ದರು. ನನ್ನ ತರಗತಿಯ ಏಲಿನ್, ನಾನು ಗೆಳೆತನ ಬಯಸುತ್ತಿದ್ದ ಒಬ್ಬಳೇ ಹುಡುಗಿ, ಮೊದಲ ಸಲ ನಮ್ಮ ಬಾಗಿಲಿಗೆ ಬಂದು ಕೇಳಿದಳು. "ನಾಳೆಯಿಂದ ದಿನಾ ಎರಡು ಗಂಟೆಗೆ. ಬರ್ತೀಯಾ?" ಎರಡು ಗಂಟೆಗೆ ಇರ್ಮಾ ಮನೆಯ ಸಿನಿಮಾ. ಮುಗಿಯುವಷ್ಟರಲ್ಲಿ ಗುಡ್ಡದ ಮೇಲಿನ ಬೆಳಕು ಹೋಗಿರುತ್ತಿತ್ತು.

ನಿಜ ಹೇಳಿದ್ದರೆ ಅಜ್ಜಿ ಕಳಿಸುತ್ತಿರಲಿಲ್ಲವೇ? ಖಂಡಿತ ಕಳಿಸುತ್ತಿದ್ದಳು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ನಾನಿಲ್ಲದೆ ಅವರಿಬ್ಬರೂ ಮಾತಾಡಲಾರರು, ನಾಳೆ ಮತ್ತೆ ಕರೆಯುತ್ತಾರೆ, ನಾಡಿದ್ದು ಮತ್ತೆ. ದಿನಾ ಕೇಳಿ ಬಿಡಿಸಿಕೊಳ್ಳುವುದಕ್ಕಿಂತ ಒಂದೇ ಸಲ ಮುಗಿಸಿಬಿಡೋಣ ಅನ್ನಿಸಿತು.

"ಅಜ್ಜಿ, ಇರ್ಮಾ ಇನ್ಮೇಲೆ ಬರೋದು ಬೇಡ ಅಂದ್ರು."

ಅಜ್ಜಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಂತಿತು. "ಯಾಕಂತ?"

"ಗೊತ್ತಿಲ್ಲ."

"ಹೋಗಿ ಕೇಳಿ ಬಾರವಾ. ಮೈಯಾಗ ಆರಾಮಿಲ್ಲೇನೋ."

ನಾನು ಕೆಳಗಿಳಿದು ಮೆಟ್ಟಿಲ ಮೇಲೆ ಕೂತೆ. ಇರ್ಮಾ ಮನೆಯ ಬಾಗಿಲು ಎರಡು ಮಾರು ದೂರ. ಒಳಗೆ ಬಟ್ಟಲು ಜೋಡಿಸುವ ಸದ್ದು ಕೇಳುತ್ತಿತ್ತು. ನೂರರವರೆಗೆ ಎಣಿಸಿ ಮೇಲೆ ಹೋಗಿ, "ಆರಾಮಾಗಿದ್ದಾರೆ. ಬೇಡ ಅಂದ್ರಷ್ಟೆ" ಎಂದೆ.

ಅಂದು ಗುಡ್ಡಕ್ಕೆ ಹೋಗುವಾಗ ಇರ್ಮಾ ಬಾಗಿಲಲ್ಲೇ ಸಿಕ್ಕರು. "ಕಾಫಿ ಆರುತ್ತಿದೆ. ಅಜ್ಜಿ ಎಲ್ಲಿ?" ನನ್ನ ಬಾಯಿಗೆ ಮೊದಲು ಬಂದದ್ದನ್ನು ಹೇಳಿದೆ. "ಅವಳಿಗೆ ಆ ಸಿನಿಮಾಗಳು ಇಷ್ಟವಿಲ್ಲ. ಮುತ್ತು ಕೊಡೋದೆಲ್ಲ ಅಸಹ್ಯ ಅಂತಾಳೆ." ಇರ್ಮಾ "ಓ" ಎಂದರು. ಬಾಗಿಲು ಮೆಲ್ಲಗೆ ಮುಚ್ಚಿತು. ಏಲಿನ್ ಹೊರಗೆ ಕೂಗುತ್ತಿದ್ದಳು. ನಾನು ಓಡಿದೆ. ಆ ಮಧ್ಯಾಹ್ನ ನನಗೆ ತುಂಬಾ ಖುಷಿಯಾಯಿತು. ಅದನ್ನು ಮುಚ್ಚಿಡುವುದು ಸರಿಯಲ್ಲ.

ಅಜ್ಜಿ ಅಮ್ಮನಿಗೆ ಹೇಳಲಿಲ್ಲ. "ನಿಮ್ಮವ್ವಗ ಹೇಳಬ್ಯಾಡ. ಪರದೇಶದಾಗ ನೆರೆಹೊರೆ ಕೆಡಬಾರದು" ಎಂದು ನನಗೇ ತಾಕೀತು ಮಾಡಿದಳು. ಅಮ್ಮ ಕೇಳಿದರೆ "ಸಾಕಾತು, ಕಣ್ಣು ನೋಯ್ತಾವು" ಎನ್ನುತ್ತಿದ್ದಳು. ನನ್ನನ್ನು ಮಾತ್ರ ಮತ್ತೆ ಮತ್ತೆ ಕೇಳುತ್ತಿದ್ದಳು. "ಬೆಳ್ಳುಳ್ಳಿ ವಾಸನಿ ಬಂತೇನ ನನ್ನ ಮೈಯಿಂದ? ಕಾಲು ಮ್ಯಾಲೆ ಮಾಡಿ ಕುಂತಿದ್ದೆ, ಅದಕ್ಕೇನ?" ಒಂದು ವಾರದ ನಂತರ ಇಂಗಿನ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಟ್ಟಳು. ಸ್ನಾನ ಎರಡು ಹೊತ್ತು ಮಾಡತೊಡಗಿದಳು.

ಮಾರ್ಚಿನಲ್ಲೊಮ್ಮೆ ನಾನು ಮತ್ತು ಅಜ್ಜಿ ನೆಲಮಾಳಿಗೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಇರ್ಮಾ ಬಂದರು. ಅಜ್ಜಿಯ ಮುಖ ಅರಳಿತು. ಎದ್ದು ನಿಂತು, "ಇರ್ಮಾ, ಬರ್ರಿ" ಎಂದಳು. ಇರ್ಮಾ ಒಂದು ಸಲ ತಲೆಬಾಗಿಸಿ, ಮರೆತುಹೋದ ಏನನ್ನೋ ತರುವವರಂತೆ ಹಿಂದಿರುಗಿದರು. ಅಜ್ಜಿಯ ಕೈಯಲ್ಲಿ ಕೂಸಿನ ಕುಲಾವಿ ಹಾಗೇ ಇತ್ತು. ಆಗ ಹೇಳಬಹುದಿತ್ತು. ಇಬ್ಬರೂ ಹತ್ತು ಹೆಜ್ಜೆಯ ಅಂತರದಲ್ಲಿದ್ದರು, ಎರಡೂ ಭಾಷೆ ನನ್ನ ಬಾಯಲ್ಲಿತ್ತು. ನಾನು ಕಾಲುಚೀಲಗಳ ಜೋಡಿ ಹುಡುಕುತ್ತಾ ಕೂತೆ.

ಹೊರಡುವ ಹಿಂದಿನ ದಿನ ಅಜ್ಜಿ ಉಂಡಿ ಕಟ್ಟಿ ಡಬ್ಬಿ ನನ್ನ ಕೈಗಿಟ್ಟಳು. "ಆಕಿಗೆ ಕೊಡು. ನನ್ನಿಂದ ಏನಾರ ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ ಅನ್ನು." ಕೊಟ್ಟರೆ ಇರ್ಮಾ ಮೇಲೆ ಬಂದುಬಿಡುತ್ತಾರೆ ಎಂಬ ಭಯಕ್ಕೆ ಡಬ್ಬಿಯನ್ನು ಬೂಟುಗಳ ಹಿಂದೆ ಅಡಗಿಸಿಟ್ಟೆ. ಬೆಳಿಗ್ಗೆ ಅಪ್ಪ ಅಜ್ಜಿಯನ್ನು ಗೋಥೆನ್‌ಬರ್ಗಿನ ವಿಮಾನ ನಿಲ್ದಾಣಕ್ಕೆ ಕರೆದೊಯ್ದರು. ಕಾರು ಹತ್ತುವಾಗ ಅಜ್ಜಿ ಇರ್ಮಾಳ ಕಿಟಕಿಯತ್ತ ನೋಡಿದಳು. ಪರದೆ ಮುಚ್ಚಿತ್ತು.

ಶಾಲೆಯಿಂದ ಬಂದು ಡಬ್ಬಿಯನ್ನು ಅವರ ಬಾಗಿಲ ಹಿಡಿಕೆಗೆ ಚೀಲದಲ್ಲಿ ತೂಗುಹಾಕಿ, ಗಂಟೆ ಒತ್ತಿ ಓಡಿ ಬಂದೆ. ಐದು ನಿಮಿಷವೂ ಆಗಿರಲಿಲ್ಲ. ನಮ್ಮ ಬಾಗಿಲ ಗಂಟೆ ಸದ್ದಾಯಿತು. ಅಮ್ಮ ತಮ್ಮನನ್ನು ಹೆಗಲಿಗೆ ಹಾಕಿಕೊಂಡೇ ತೆಗೆದಳು. ಇರ್ಮಾ ಏದುಸಿರು ಬಿಡುತ್ತಿದ್ದರು. ಒಳ್ಳೆಯ ಬಿಳಿ ಬ್ಲೌಸು ಹಾಕಿದ್ದರು, ಗುಂಡಿ ಒಂದು ತಪ್ಪಿತ್ತು. ಕಂಕುಳಲ್ಲಿ ಒಂದು ಕ್ಯಾಸೆಟ್ಟು.

"ಇದರಲ್ಲಿ ಮುತ್ತು ಇಲ್ಲ. ಒಂದೇ ಒಂದೂ ಇಲ್ಲ, ಪೂರ್ತಿ ನೋಡಿ ಆರಿಸಿಟ್ಟಿದ್ದೆ. ಅವರು ಬರ್ತಾರಾ?"

ಅಮ್ಮನಿಗೆ ಅರ್ಥವಾಗಲಿಲ್ಲ. ನನ್ನನ್ನು ನೋಡಿದಳು. ನಾನು ಬಾಗಿಲ ಹಿಂದಕ್ಕೆ ಸರಿದೆ. ಅಮ್ಮನೇ ತೊದಲುತ್ತಾ ತನ್ನ ಸ್ವೀಡಿಷ್‌ನಲ್ಲಿ, ನನ್ನ ಅಮ್ಮ ಹೋದರು, ಇವತ್ತು, ಇಂಡಿಯಾ, ಎಂದಳು. ಇರ್ಮಾ ಕಂಕುಳ ಕ್ಯಾಸೆಟ್ಟನ್ನು ಕೈಗೆ ಇಳಿಸಿದರು. "ಅವರಿಗೆ ಅಸಹ್ಯ ಅನ್ನಿಸಿತು ಅಂದುಕೊಂಡಿದ್ದೆ."

"ಯಾರು ಹೇಳಿದ್ದು?" ಎಂದು ಅಮ್ಮ ಕೇಳಿದಳು. ಅಷ್ಟು ಸ್ವೀಡಿಷ್ ಅವಳಿಗೂ ಅರ್ಥವಾಗಿತ್ತು.

ಇರ್ಮಾ ನನ್ನನ್ನು ನೋಡಿದರು. ಆ ನೋಟದಲ್ಲಿ ಅವರಿಗೆ ಎಲ್ಲ ತಿಳಿದುಹೋಯಿತು. ಆಮೇಲೆ ಅಮ್ಮನ ಕಡೆ ತಿರುಗಿ, "ನಾನೇ ತಪ್ಪು ತಿಳಿದಿರಬೇಕು. ನನ್ನ ಸ್ವೀಡಿಷ್ ಅಷ್ಟಕ್ಕಷ್ಟೆ" ಎಂದರು. ಐವತ್ತು ವರ್ಷ ಆ ದೇಶದಲ್ಲಿದ್ದವರು.

ಅವರು ಇಳಿದುಹೋದ ಮೇಲೆ ನಾನು ಅಳುತ್ತಾ ಎಲ್ಲ ಹೇಳಿದೆ. ಅಮ್ಮ ಹೊಡೆಯಲಿಲ್ಲ. "ನಮ್ಮಮ್ಮ ದಿನಾ ಎರಡೆರಡು ಸಲ ಸ್ನಾನ ಮಾಡ್ತಿದ್ದಿದ್ದು ಅದಕ್ಕಾ?" ಎಂದಷ್ಟೇ ಕೇಳಿ ಒಳಗೆ ಹೋದಳು. ಎರಡು ದಿನ ಬಿಟ್ಟು ಗದಗಿಗೆ ಫೋನು ಹಚ್ಚಿ ರಿಸೀವರನ್ನು ನನ್ನ ಕಿವಿಗಿಟ್ಟಳು. ನಾನು ತಡವರಿಸುತ್ತಾ ಅಜ್ಜಿಗೆ ಎಲ್ಲ ಹೇಳಿ ಮುಗಿಸಿದೆ.

"ಹೋಗ್ಲಿ ಬಿಡವಾ. ಹಿಮದಾಗ ಆಡೂ ವಯಸ್ಸು ನಿಂದು. ಆಕಿ ಉಂಡಿ ತಿಂದ್ಲೇನು?"

ಒಮ್ಮೆ ಅಮ್ಮ ಇರ್ಮಾಳನ್ನು ಮೇಲೆ ಕರೆದು ಇಬ್ಬರಿಗೂ ಫೋನಿನಲ್ಲಿ ಮಾತಾಡಿಸಿದಳು. ನಾನು ನಡುವೆ. "ಇರ್ಮಾ, ಚಾ ಆತೇನ್ರಿ?" ಎಂದಳು ಅಜ್ಜಿ. ಆಯಿತು ಎಂದರು ಇರ್ಮಾ. ಎದುರಿಗೆ ಸಿನಿಮಾ ಇಲ್ಲ, ಪಕ್ಕದಲ್ಲಿ ಮೈ ಇಲ್ಲ. ಮುಂದೆ ಇಬ್ಬರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ಮರುವರ್ಷ ಇರ್ಮಾ ಮಗನ ಊರಿಗೆ ಹೋದರು. ಅದಾದ ಎರಡು ವರ್ಷಕ್ಕೆ ನಾವು ಬೆಂಗಳೂರಿಗೆ ಬಂದೆವು. ನಾನು ಪಿಯುಸಿ ಓದುವಾಗ ಅಜ್ಜಿ ತೀರಿಕೊಂಡಳು.

ಈಗ ಆ ಕಾಲದ ಸಿನಿಮಾಗಳು ಇಂಟರ್ನೆಟ್ಟಿನಲ್ಲಿ ಅಡಿಬರಹದ ಸಮೇತ ಸಿಗುತ್ತವೆ. ಅವುಗಳಲ್ಲಿ ಎಂಥ ಸುಳ್ಳಾದರೂ ಕೊನೆಯ ಹತ್ತು ನಿಮಿಷದಲ್ಲಿ ಬಯಲಾಗಿ ಎಲ್ಲರೂ ಕುಣಿಯುತ್ತಾರೆ. ನಾನು ಒಂದನ್ನೂ ಕೊನೆಯವರೆಗೆ ನೋಡಿಲ್ಲ. ಫೆಬ್ರುವರಿಯ ಆ ರಜೆಯಿಂದ ಅಜ್ಜಿ ಹೊರಟ ದಿನದವರೆಗೆ ಲೆಕ್ಕ ಹಾಕಿದರೆ ಏಳು ವಾರ. ಏಳು ವಾರದ ಮಧ್ಯಾಹ್ನಗಳು. ಅವಕ್ಕೆ ಏನು ಬೆಲೆ ಎಂದು ನನಗೆ ಸರಿಯಾಗಿ ತಿಳಿದದ್ದು ಹೋದ ವರ್ಷ. ಅಮ್ಮ ಯಾವುದೋ ಮಾತಿಗೆ ಹೇಳಿದಳು. "ಅಮ್ಮ ಸಾಯೋ ಮುಂಚೆ ಒಂದ್ಸಲ ಹೇಳಿದ್ಳು. ಮದುವೆಯಾದ ಮೇಲೆ ಒಬ್ಬರ ಮನೇಲಿ ಏನೂ ಕೆಲಸ ಮಾಡದೆ ಸುಮ್ನೆ ಕೂತು, ಇನ್ನೊಬ್ಬರು ಕೈಗೆ ಕಾಫಿ ಕೊಟ್ಟು, ನಗ್ತಾ ಇದ್ದಿದ್ದು ಅಂದ್ರೆ ಆ ಮೂರು ವಾರ ಮಾತ್ರ ಅಂತ."

ಒಂಬತ್ತು ವರ್ಷದವಳಿಗೆ ಅದು ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಗೊತ್ತಿದ್ದರೂ ಅವತ್ತು ನಾನು ಗುಡ್ಡಕ್ಕೇ ಹೋಗುತ್ತಿದ್ದೆ.