ವಾಲ್ಟರನ ಇಟ್ಟಿಗೆ ಬಣ್ಣದ ಪ್ಯಾಂಟು

ಬೆಳಿಗ್ಗೆ ಇಸ್ತ್ರಿಯವನು ನನ್ನ ಉಣ್ಣೆಯ ಕೋಟಿನ ಮೇಲೆ ಒದ್ದೆ ಬಟ್ಟೆ ಹಾಸಿ ಪೆಟ್ಟಿಗೆ ಒತ್ತಿದ. ಚುಯ್ ಎಂದು ಹಬೆ ಎದ್ದಿತು. ಬಿಸಿ ಉಣ್ಣೆಯ ಆ ವಾಸನೆ ನಿಮಗೂ ಗೊತ್ತಿರಬಹುದು, ನೆನೆದ ಕುರಿಯನ್ನು ಬಿಸಿಲಿಗೆ ನಿಲ್ಲಿಸಿದ ಹಾಗೆ. ಸಂಜೆ ಪರಿಚಯದವರ ಮಗಳ ಆರತಕ್ಷತೆ. ಆದರೆ ಕೋಟಿಗೆ ಕಾಯುತ್ತ ನಿಂತವನಿಗೆ ನೆನಪಾದದ್ದು ಮಸ್ಕತ್ತಿನ ಶವಾಗಾರದ ಪಕ್ಕದ ಒಂದು ತಣ್ಣನೆಯ ಕೋಣೆ, ಅಲ್ಲಿ ಮಲಗಿದ್ದ ವಾಲ್ಟರ್.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮಸ್ಕತ್ತಿನ ಬೌಷರ್ ಬಡಾವಣೆಯಲ್ಲಿದ್ದ ಒಂದು ಅಮೆರಿಕನ್ ಯಂತ್ರೋಪಕರಣ ಕಂಪನಿಯಲ್ಲಿ ನಾನು ಆಡಳಿತದ ಕೆಲಸ ನೋಡಿಕೊಳ್ಳುತ್ತಿದ್ದೆ. ವೀಸಾ, ಟಿಕೆಟ್ಟು, ಫ್ಲ್ಯಾಟು, ಸೋರುವ ನಲ್ಲಿ, ಎಲ್ಲವೂ ನನ್ನ ಪಾಲಿಗೆ. ವಾಲ್ಟರ್ ಅಲ್ಲಿನ ಹಿರಿಯ ಎಂಜಿನಿಯರ್. ಐವತ್ತು ದಾಟಿದ, ಅಗಲ ಭುಜದ, ಒಂಟಿ ಮನುಷ್ಯ. ಉಳಿದ ಅಮೆರಿಕನ್ನರಂತೆ ಅವನದೂ ಅದೇ ದೊಗಲೆ ಖಾಕಿ ಪ್ಯಾಂಟು, ತಿಳಿನೀಲಿ ಅಂಗಿ. ನಾನೇನೂ ಅವನನ್ನು ಆಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ನೆರಿಗೆ ಪ್ಯಾಂಟಿನೊಳಗೆ ಇನ್ನೊಬ್ಬ ಸಣಕಲನಿಗೆ ಬಾಡಿಗೆಗೆ ಜಾಗ ಕೊಡಬಹುದಿತ್ತು.

ಒಂದು ಬೇಸಿಗೆಯಲ್ಲಿ ರಜೆಗೆಂದು ಇಟಲಿಗೆ ಹೋದ ವಾಲ್ಟರ್ ಬೇರೆಯೇ ಆಗಿ ಬಂದ. ಇಟ್ಟಿಗೆ ಬಣ್ಣದ ಬಿಗಿ ಪ್ಯಾಂಟು, ಅದು ಹಿಮ್ಮಡಿಗಿಂತ ಮೇಲೆಯೇ ಮುಗಿದಿತ್ತು. ಸಾಕ್ಸ್ ಇಲ್ಲ. ಗಿಡ್ಡನೆಯ ನೀಲಿ ಚೌಕಳಿ ಕೋಟು, ಜೇಬಿನಲ್ಲಿ ಗುಲಾಬಿ ಕರವಸ್ತ್ರ.

"ಸರ್ಕಸ್ಸು ಯಾವಾಗ ಬಂತು?" ಎಂದ ಒಬ್ಬ ಅಮೆರಿಕನ್.

ಚಹಾದ ಕೋಣೆಯಲ್ಲಿ ಆ ವಾರವೆಲ್ಲ ಅದೇ ಚರ್ಚೆ. ಯುರೋಪಿನವರ ಕಡ್ಡಿ ಮೈಗೆ ಹೊಲಿದದ್ದು ಅಮೆರಿಕದ ಗಂಡಸಿಗೆ ಒಪ್ಪುತ್ತದೆಯೇ? ಒಪ್ಪುವುದಿಲ್ಲ ಎಂದು ಅಮೆರಿಕನ್ನರೇ ತೀರ್ಮಾನಿಸಿದರು. ಅಕೌಂಟ್ಸಿನ ವಿನ್ಸೆಂಟ್ ಮಾತ್ರ, ಉಡುಪಿ ಕಡೆಯವನು, "ಎಂತ ಮಾರಾಯ್ರೆ, ಈ ಸೆಕೆಗೆ ಸಾಕ್ಸ್ ಹಾಕದ್ದೇ ಬುದ್ಧಿವಂತಿಕೆ ಅಲ್ವಾ?" ಎಂದ.

ಅಷ್ಟರಲ್ಲಿ ನಮ್ಮ ಕಂಪನಿಯನ್ನು ಯುರೋಪಿನ ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ಹೊಸ ಯಜಮಾನರನ್ನು ಒಲಿಸಿಕೊಳ್ಳಲು ವಾಲ್ಟರನ ವೇಷ ಎಂದು ಎಲ್ಲರೂ ಮಾತಾಡಿಕೊಂಡರು. ಮಿಲಾನಿನಿಂದ ಬಂದ ಹೊಸ ಮ್ಯಾನೇಜರ್ ದಿನವೂ ಅಂಥದೇ ಬಟ್ಟೆ ತೊಡುತ್ತಿದ್ದ. ಅವನನ್ನು ನೋಡಿ ಯಾರೂ ನಗಲಿಲ್ಲ. ಒಂದು ಮೀಟಿಂಗಿನಲ್ಲಿ ಅವನು ವಾಲ್ಟರನ ಕಾಲರನ್ನು ಎರಡು ಬೆರಳಲ್ಲಿ ಹಿಡಿದು, "ನಮ್ಮ ಮೈಮೇಲೆ ಇದು ಬಟ್ಟೆ, ನಿಮ್ಮ ಮೈಮೇಲೆ ನಾಟಕದ ಉಡುಪು" ಎಂದ. ಎಲ್ಲರೂ ನಕ್ಕರು. ವಾಲ್ಟರನೂ ನಕ್ಕ, ಕಿವಿಗಳು ಮಾತ್ರ ಕೆಂಪಾಗಿದ್ದವು. ಮರುದಿನವೂ ಅದೇ ಇಟ್ಟಿಗೆ ಬಣ್ಣದ ಪ್ಯಾಂಟಿನಲ್ಲೇ ಬಂದ. ಒಲಿಸಿಕೊಳ್ಳುವವರು ಹಾಗೆ ಮಾಡುವುದಿಲ್ಲ.

ಅವನ ಕಾರು ಗ್ಯಾರೇಜಿನಲ್ಲಿದ್ದ ಒಂದು ಸಂಜೆ, ಊರಾಚೆ ಸೀಬ್ ಎಂಬಲ್ಲಿದ್ದ ಅವನ ಫ್ಲ್ಯಾಟಿಗೆ ಅವನನ್ನು ಬಿಡಲು ಹೊರಟಿದ್ದೆ. ಸಿಗ್ನಲಿನಲ್ಲಿ ಪಕ್ಕದ ಕಾರಿನ ಒಮಾನಿ ಮುದುಕನ ರುಮಾಲು ಹಸಿರು, ನೇರಳೆ, ಕಿತ್ತಳೆ ಬಣ್ಣಗಳಲ್ಲಿ ಹೊಳೆಯುತ್ತಿತ್ತು.

"ನೋಡು," ಎಂದ ವಾಲ್ಟರ್. "ಒಪ್ಪುತ್ತದೆಯೇ ಎಂದು ಅವನನ್ನು ಯಾರೂ ಕೇಳುವುದಿಲ್ಲ."

ಸಿಗ್ನಲು ದಾಟಿದ ಮೇಲೆ ಮುಂದುವರಿಸಿದ. "ನಮ್ಮೂರಿನ ಗಂಡಸಿಗೆ ಒಂದು ಕಂದು ಸೂಟು ಸಾಕು, ಮದುವೆಗೂ ಅದೇ, ಮಣ್ಣಿಗೂ ಅದೇ. ಶಾಲೆಯಲ್ಲಿದ್ದಾಗ ಒಂದು ನೇರಳೆ ಅಂಗಿ ಕೊಂಡಿದ್ದೆ. ಅಪ್ಪ ಅದನ್ನು ನನ್ನ ಮೈಮೇಲೆಯೇ ಹರಿದು ಹಾಕಿದರು. ಅಣ್ಣ ನನ್ನ ಕೈಗಳನ್ನು ಹಿಡಿದುಕೊಂಡಿದ್ದ. ಈ ದೇಶದಲ್ಲಿ ನನ್ನ ಅಪ್ಪನನ್ನು ಬಲ್ಲವರು ಯಾರೂ ಇಲ್ಲ. ನಿಜ ಹೇಳು, ಇದು ನನಗೆ ಒಪ್ಪುತ್ತದಾ?"

"ಪ್ಯಾಂಟು ಸ್ವಲ್ಪ ಬಿಗಿ. ಬಣ್ಣ ಮಾತ್ರ ನಿಮ್ಮದೇ" ಎಂದೆ.

ಅವನು ಡ್ಯಾಶ್‌ಬೋರ್ಡು ಬಡಿದು ನಕ್ಕ. ಅಷ್ಟು ಜೋರಾಗಿ ಅವನು ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ.

ಚಳಿಗಾಲಕ್ಕೆ ಹೊಸ ಯಜಮಾನರು ಹಳಬರನ್ನು ಮನೆಗೆ ಕಳಿಸತೊಡಗಿದರು. ವಾಲ್ಟರನ ವೀಸಾ ರದ್ದು ಮಾಡಿಸುವ ಕೆಲಸವೂ ನನಗೇ ಬಂತು. "ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಯಾರಾದರೂ ಸಿಗುತ್ತಾರಾ? ನಾನು ಊರಿಗೆ ಹೋಗಲಾರೆ" ಎಂದು ಕೇಳಿದ. ಒಬ್ಬಿಬ್ಬರು ಒಮಾನಿಗಳಲ್ಲಿ ವಿಚಾರಿಸಿದೆ. ಉತ್ತರ ಬರುವ ಮೊದಲೇ ಒಂದು ಬೆಳಿಗ್ಗೆ ಅವನ ಬಾಗಿಲು ತೆರೆಯಲಿಲ್ಲ. ಬಾಗಿಲು ಮುರಿದು ಒಳಹೋದಾಗ ಕುರ್ಚಿಯಲ್ಲಿ ಕುಳಿತೇ ಇದ್ದ, ಒಂದು ಕಾಲಿಗೆ ಮಾತ್ರ ಶೂ. ಹೃದಯ ಎಂದರು ಡಾಕ್ಟರು.

ಅವನ ಅಣ್ಣನಿಗೆ ಫೋನು ಮಾಡಿದೆ. ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ಆಮೇಲೆ, "ಅವನಿಗೆ ಕಪ್ಪು ಸೂಟು ಹಾಕಿ ಕಳಿಸಿ. ಕೋಡಂಗಿಯ ಹಾಗೆ ಬರುವುದು ಬೇಡ" ಎಂದರು.

ವಾಲ್ಟರನ ಕಪಾಟಿನಲ್ಲಿ ಕಪ್ಪು ಸೂಟು ಇರಲಿಲ್ಲ. ವಿನ್ಸೆಂಟನನ್ನು ಕರೆದುಕೊಂಡು ಅಂಗಡಿಗೆ ಹೋದೆ. ಸಾಲಾಗಿ ನೇತುಹಾಕಿದ್ದ ಕಪ್ಪು ಸೂಟುಗಳ ಮುಂದೆ ವಿನ್ಸೆಂಟ್ ನಿಂತುಬಿಟ್ಟ.

"ಬೇಡ ಮಾರಾಯ್ರೆ. ಅವರಿಗೆ ಇಷ್ಟ ಇದ್ದದ್ದೇ ಹಾಕುವ. ಅಣ್ಣ ಬೈದ್ರೆ ಫೋನು ನಂಗೆ ಕೊಡಿ."

ನೀಲಿ ಕೋಟನ್ನು ಇಸ್ತ್ರಿ ಮಾಡಿಸಿ, ಇಟ್ಟಿಗೆ ಬಣ್ಣದ ಪ್ಯಾಂಟಿನ ಜೊತೆ ಶವಾಗಾರಕ್ಕೆ ಒಯ್ದೆವು. ಸೆಟೆದ ಕಾಲುಗಳಿಗೆ ಆ ಪ್ಯಾಂಟು ಏರಲೇ ಇಲ್ಲ. ವಿನ್ಸೆಂಟ್ ಕತ್ತರಿಯಿಂದ ಹಿಂಬದಿಯ ಹೊಲಿಗೆ ಬಿಚ್ಚಿದ. ಬಾಯಲ್ಲಿ ಕೊಂಕಣಿ ಪ್ರಾರ್ಥನೆ, ಕಣ್ಣಲ್ಲಿ ನೀರು. ಗುಲಾಬಿ ಕರವಸ್ತ್ರವನ್ನು ಜೇಬಿಗೆ ಸಿಕ್ಕಿಸಿ, "ಈಗ ಬಿಗಿ ಇಲ್ಲ ಸಾರ್" ಎಂದು ಆ ಹೆಣಕ್ಕೆ ಹೇಳಿದ.

ಕೆಲವು ದಿನ ಬಿಟ್ಟು ಅಣ್ಣನೇ ಫೋನು ಮಾಡಿದರು. ಬೈಯಲಿಲ್ಲ.

"ತಲುಪಿತು. ಊರಿನವರು ನೋಡುವ ಮುಂಚೆ ಬಟ್ಟೆ ಬದಲಿಸಿದೆವು. ಅಪ್ಪ ತಮಗೆಂದು ಎತ್ತಿಟ್ಟುಕೊಂಡಿದ್ದ ಕಂದು ಸೂಟನ್ನು ಕೊಟ್ಟರು. ಅವನಿಗೆ ಸರಿಯಾಗಿ ಹೊಂದಿತು. ನಿಮಗೆ ತೊಂದರೆ ಕೊಟ್ಟೆವು."

ಅಪ್ಪ ಇನ್ನೂ ಬದುಕಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ತನ್ನ ಸಾವಿಗೆ ಇಟ್ಟುಕೊಂಡದ್ದನ್ನು ಮಗನಿಗೆ ಕೊಟ್ಟ ಆ ಮುದುಕನದು ಪ್ರೀತಿಯೋ ಹಟವೋ, ಇವತ್ತಿಗೂ ತಿಳಿಯದು. ಎರಡೂ ಇರಬಹುದು. ವಿನ್ಸೆಂಟನಿಗೆ ಹೇಳಿದಾಗ ಅವನು, "ಖಲಾಸ್" ಎಂದಷ್ಟೇ ಹೇಳಿ ಕಂಪ್ಯೂಟರಿನ ಕಡೆ ತಿರುಗಿದ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ.

ಈಗ ಮೈಸೂರಿನಲ್ಲಿ, ಅಂದಿನ ವಾಲ್ಟರನ ವಯಸ್ಸನ್ನು ನಾನೂ ಎಂದೋ ದಾಟಿದ್ದೇನೆ. ಸಂಜೆ ಆರತಕ್ಷತೆಗೆ ಹೊರಡಲು, ಕೋಟಿನೊಳಗೆ ತೊಡುವ ಅಂಗಿಗಾಗಿ ಬಟ್ಟೆಯ ಕಪಾಟು ತೆರೆದು ನಿಂತೆ. ಬೂದಿ, ತಿಳಿಬೂದಿ, ಕೆನೆ, ಮತ್ತೆ ಬೂದಿ.

"ಎಷ್ಟು ಹೊತ್ತು ರೀ ಅದು? ಯಾವ್ದಾದ್ರೂ ಒಂದು ಹಾಕ್ಕೊಳ್ಳಿ, ಎಲ್ಲಾ ಒಂದೇ ಥರಾನೇ ಇವೆ" ಎಂದಳು ಹೆಂಡತಿ.

ಇವುಗಳಲ್ಲಿ ನಾನೇ ಬೇಕೆಂದು ಆಸೆಪಟ್ಟು ಕೊಂಡದ್ದು ಯಾವುದು ಎಂದು ಒಂದೊಂದನ್ನೇ ಸರಿಸಿ ನೋಡುತ್ತ ಹೋದೆ. ಕೊನೆಯದನ್ನೂ ಸರಿಸಿದಾಗ ಕಪಾಟಿನ ಗೋಡೆ ಕೈಗೆ ತಾಗಿತು.